ಸರ್ಗಾಸಮ್ ಪಾಲಿಸ್ಯಾಕರೈಡ್: ಡಯಾಲಿಸಿಸ್ ಆದ ಮೇಲೆ ಆ್ಯಂಟಿಆಕ್ಸಿಡೆಂಟ್ ಶಕ್ತಿ ಎಲ್ಲಿ ಹೋಯಿತು?

ಕಾರವಾರ_ತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗಾಗಿ ಕಂದು ಕಡಲಕಳೆ ಸರ್ಗಾಸಮ್‌ನಿಂದ ಪಾಲಿಸ್ಯಾಕರೈಡ್ (ಸಕ್ಕರೆ ಘಟಕಗಳ ಉದ್ದ ಸರಪಳಿ) ತೆಗೆದು ಅದರ ಆ್ಯಂಟಿಆಕ್ಸಿಡೆಂಟ್ ಗುಣ ಅಳೆಯುತ್ತಿದ್ದೇನೆ. ಕಳೆ ನವೆಂಬರಿನಲ್ಲಿ ಕಾರವಾರದ ಕಡೆಯ ಬಂಡೆಗಳಿಂದ ತಂದದ್ದು. ನೆರಳಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, 20 ಗ್ರಾಂ ಪುಡಿಯನ್ನು 400 ಮಿ.ಲೀ. ನೀರಿನಲ್ಲಿ 90 ಡಿಗ್ರಿಯಲ್ಲಿ 3 ಗಂಟೆ ಇಟ್ಟೆ. ಬಟ್ಟೆಯಲ್ಲಿ ಸೋಸಿ, ಎರಡು ಪಟ್ಟು ಎಥನಾಲ್ ಸುರಿದಾಗ ಕಂದು ಬಣ್ಣದ ನಾರುನಾರಾದ ಮುದ್ದೆ ಬಂತು. ಅದನ್ನು 60 ಡಿಗ್ರಿ ಓವನ್‌ನಲ್ಲಿ ಒಣಗಿಸಿದೆ. 20 ಗ್ರಾಂಗೆ ಸುಮಾರು 5 ಗ್ರಾಂ ಸಿಕ್ಕಿತು.

ಡಿಪಿಪಿಎಚ್‌ನಲ್ಲಿ (ನೇರಳೆ ಬಣ್ಣದ ರ‍್ಯಾಡಿಕಲ್‌ನ ಬಣ್ಣ ಎಷ್ಟು ಇಳಿಯಿತೆಂದು ನೋಡುವ ಪರೀಕ್ಷೆ) ಮಿ.ಲೀ.ಗೆ 1 ಮಿ.ಗ್ರಾಂ ಸಾಂದ್ರತೆಯಲ್ಲಿ 72 ಶೇಕಡಾ ತೋರಿಸಿತು. ಅದೇ ಮಾದರಿಯನ್ನು ಎರಡು ಸಲ ಆಲ್ಕೋಹಾಲ್‌ನಲ್ಲಿ ತೊಳೆದು ಮೂರು ದಿನ ಡಯಾಲಿಸಿಸ್ (ಸಣ್ಣ ಅಣುಗಳು ಸೋರಿಹೋಗುವ ಚೀಲದಲ್ಲಿಟ್ಟು ಹೊರಗಿನ ನೀರು ಬದಲಿಸುವುದು) ಮಾಡಿದರೆ 20 ಶೇಕಡಾಕ್ಕೆ ಇಳಿಯಿತು. ಮೂರು ಟ್ಯೂಬುಗಳ ರೀಡಿಂಗ್ ಒಂದಕ್ಕೊಂದು ಹೊಂದುವುದಿಲ್ಲ, ಟ್ಯೂಬಿನಲ್ಲಿ ಹಾಲಿನಂತೆ ಮಸುಕು ಬರುತ್ತದೆ. ಎಫ್‌ಆರ್‌ಎಪಿ (ಕಬ್ಬಿಣ ಬಳಸುವ ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಪರೀಕ್ಷೆ) ದ್ರಾವಣ ಹಾಕಿದರೆ ಜೆಲ್ಲಿಯಂಥ ಚೂರುಗಳು. ಫೀನಾಲ್-ಸಲ್ಫ್ಯೂರಿಕ್ ಪರೀಕ್ಷೆಯಲ್ಲಿ ಸಕ್ಕರೆ ಬರೀ 38 ಶೇಕಡಾ.

ಯಾವ ರೀಡಿಂಗನ್ನು ಬರೆಯಬೇಕು? ಫ್ಯೂಕೋಯ್ಡಾನ್ (ಸಲ್ಫೇಟ್ ಇರುವ ಫ್ಯೂಕೋಸ್ ಸಕ್ಕರೆಯ ಸರಪಳಿ), ಲ್ಯಾಮಿನಾರಿನ್ (ಗ್ಲೂಕೋಸ್ ಸರಪಳಿ) ಎರಡನ್ನೂ ಬೇರೆ ಮಾಡಿ ತೋರಿಸಬೇಕೆಂದು ಗೈಡ್ ಹೇಳಿದ್ದಾರೆ. ದಯವಿಟ್ಟು ದಾರಿ ತೋರಿಸಿ.

---

ಸಕ್ಕರೆಸರಪಳಿ ಉತ್ತರಿಸಿದ್ದು:

ಎರಡು ರೀಡಿಂಗೂ ಸುಳ್ಳಲ್ಲ, ಆದರೆ ಎರಡೂ ಬೇರೆ ಬೇರೆ ವಸ್ತುಗಳವು. ಮೊದಲಿನ 72ರಲ್ಲಿ ದೊಡ್ಡ ಪಾಲು ಫ್ಲೋರೊಟ್ಯಾನಿನ್‌ಗಳದ್ದು. ಕಂದು ಕಳೆಗಳಲ್ಲಿ ಫ್ಲೋರೊಗ್ಲುಸಿನಾಲ್ ಘಟಕಗಳು ಸೇರಿ ಆದ ಫೀನಾಲ್ ಸಂಯುಕ್ತಗಳಿವು. ಬಿಸಿನೀರಿಗೆ ಸುಲಭವಾಗಿ ಇಳಿಯುತ್ತವೆ. ಎಥನಾಲ್ ಹಾಕಿದಾಗ ಪಾಲಿಸ್ಯಾಕರೈಡ್ ಮುದ್ದೆಯೊಳಗೆ ಸಿಕ್ಕಿಕೊಂಡು ಜೊತೆಗೇ ಬಂದುಬಿಡುತ್ತವೆ. ನಿಮ್ಮ ಮುದ್ದೆಯ ಕಂದು ಬಣ್ಣವೇ ಅದರ ಗುರುತು. ಚೊಕ್ಕಟವಾದ ಫ್ಯೂಕೋಯ್ಡಾನ್ ಬಿಳಿ ಅಥವಾ ತೆಳು ಕೆನೆ ಬಣ್ಣದ್ದು.

ಡಿಪಿಪಿಎಚ್ ಬಣ್ಣ ಕಳೆದುಕೊಳ್ಳಬೇಕಾದರೆ ಯಾರಾದರೂ ಅದಕ್ಕೆ ಹೈಡ್ರೋಜನ್ ಪರಮಾಣು ಅಥವಾ ಎಲೆಕ್ಟ್ರಾನ್ ಕೊಡಬೇಕು. ಫೀನಾಲ್‌ನ ಹೈಡ್ರಾಕ್ಸಿಲ್ ಅದನ್ನು ಸುಲಭವಾಗಿ ಕೊಡುತ್ತದೆ, ಏಕೆಂದರೆ ಕೊಟ್ಟ ಮೇಲೆ ಉಳಿಯುವ ರ‍್ಯಾಡಿಕಲ್ ಅನ್ನು ಬೆಂಜೀನ್ ಉಂಗುರ ಹಂಚಿಕೊಂಡು ತಾಳಿಕೊಳ್ಳುತ್ತದೆ. ಸಕ್ಕರೆಯ ಹೈಡ್ರಾಕ್ಸಿಲ್‌ಗೆ ಆ ಅನುಕೂಲ ಇಲ್ಲ. ಹಾಗಾಗಿ ಫೀನಾಲ್ ತೆಗೆದ ಪಾಲಿಸ್ಯಾಕರೈಡ್ ಡಿಪಿಪಿಎಚ್‌ನಲ್ಲಿ ದುರ್ಬಲವಾಗಿ ಕಂಡರೆ ಅದು ಸಹಜ. ಅಸ್ಕಾರ್ಬಿಕ್ ಆಮ್ಲದ ಐಸಿ50 (ಅರ್ಧ ಬಣ್ಣ ಇಳಿಸಲು ಬೇಕಾದ ಸಾಂದ್ರತೆ) ಮೈಕ್ರೋಗ್ರಾಂಗಳಲ್ಲಿ ಬರುತ್ತದೆ, ಶುದ್ಧ ಫ್ಯೂಕೋಯ್ಡಾನ್‌ನದು ಮಿಲಿಗ್ರಾಂಗಳಲ್ಲಿ. ನಿಮ್ಮ ಸಕ್ಕರೆ ಅಸ್ಕಾರ್ಬಿಕ್ ಆಮ್ಲದ ಸಮಕ್ಕೆ ಬಂತೆಂದರೆ ಸಂಭ್ರಮಪಡುವ ಮುಂಚೆ ಫೀನಾಲ್ ಅಳೆಯಿರಿ. ಈ ಕ್ಷೇತ್ರದಲ್ಲಿ ಎಷ್ಟೋ ಕೆಲಸ ಈ ಒಂದು ಪರೀಕ್ಷೆ ಇಲ್ಲದೆಯೇ ಅಚ್ಚಾಗುತ್ತದೆ. ಓದುವಾಗ ನಿಜಕ್ಕೂ ಸಂಕಟವಾಗುತ್ತದೆ.

ಫೀನಾಲ್ ಅಳೆಯಲು ಫೋಲಿನ್-ಸಿಯೋಕಾಲ್ಟ್ಯೂ ಪರೀಕ್ಷೆ ಸಾಕು, 765 ನ್ಯಾನೊಮೀಟರ್. ಸ್ಟ್ಯಾಂಡರ್ಡ್ ಗ್ಯಾಲಿಕ್ ಆಮ್ಲ ಬೇಡ, ಫ್ಲೋರೊಗ್ಲುಸಿನಾಲ್ ಇಟ್ಟುಕೊಳ್ಳಿ. ಪ್ರೋಟೀನ್‌ನಲ್ಲಿರುವ ಟೈರೋಸಿನ್ ಕೂಡ ಇದರಲ್ಲಿ ಬಣ್ಣ ಕೊಡುವುದರಿಂದ ಬ್ರಾಡ್‌ಫೋರ್ಡ್ ಪರೀಕ್ಷೆಯನ್ನೂ ಜೊತೆಗೆ ಮಾಡಿ. ಆಮೇಲೆ ಮುಖ್ಯವಾದ ಹೋಲಿಕೆ: ಇದೇ ಕಳೆಯ ಪುಡಿಯನ್ನು 85 ಶೇಕಡಾ ಎಥನಾಲ್‌ನಲ್ಲಿ ನೆನೆಸಿ ತೆಗೆದ ದ್ರವವನ್ನು ಎಸೆಯಬೇಡಿ. ಆ ದ್ರವದಲ್ಲೂ ಫೀನಾಲ್ ಅಳೆದು, ನಿಮ್ಮ ಪಾಲಿಸ್ಯಾಕರೈಡ್ ದ್ರಾವಣದಲ್ಲಿ ಎಷ್ಟು ಫೀನಾಲ್ ಇದೆಯೋ ಅಷ್ಟಕ್ಕೇ ತೆಳು ಮಾಡಿ ಪರೀಕ್ಷೆಗೆ ಹಾಕಿ. ಎರಡೂ ಒಂದೇ ಮಟ್ಟದಲ್ಲಿ ಬಣ್ಣ ಇಳಿಸಿದರೆ ಸಕ್ಕರೆಯ ಪಾಲು ಸೊನ್ನೆಯ ಹತ್ತಿರ ಎಂದರ್ಥ. ಈ ಹೋಲಿಕೆಗೆ ಬಾಟಲಿಯ ಫ್ಲೋರೊಗ್ಲುಸಿನಾಲ್ ಬಳಸಬೇಡಿ. ಅದರ ಮೂರು ಹೈಡ್ರಾಕ್ಸಿಲ್‌ಗಳೂ ಮೆಟಾ ಸ್ಥಾನದಲ್ಲಿರುವುದರಿಂದ ಅದು ಒಂಟಿಯಾಗಿ ಡಿಪಿಪಿಎಚ್ ಜೊತೆ ಮಂದವಾಗಿ ವರ್ತಿಸುತ್ತದೆ. ಕಳೆಯೊಳಗಿನ ಸರಪಳಿ ರೂಪ ಹಾಗಲ್ಲ.

ಫೀನಾಲ್ ತೆಗೆಯಲು ಪಿವಿಪಿಪಿ (ಫೀನಾಲ್ ಹಿಡಿದುಕೊಳ್ಳುವ, ನೀರಲ್ಲಿ ಕರಗದ ಪಾಲಿಮರ್) ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ. ದ್ರಾವಣದ ಪಿಎಚ್ 5ರಿಂದ 6ರ ನಡುವೆ ಇಟ್ಟು, 100 ಮಿ.ಲೀ.ಗೆ 2 ಗ್ರಾಂ ಹಾಕಿ, ತಣ್ಣಗೆ ಒಂದು ಗಂಟೆ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಮತ್ತೊಂದು ಸುತ್ತು ಹಾಗೆಯೇ. ಪಿಎಚ್ ಮೇಲೇರಿದರೆ ಫೀನಾಲ್ ಅಯಾನಾಗಿ ಪಿವಿಪಿಪಿಗೆ ಅಂಟುವುದು ಕಡಿಮೆಯಾಗುತ್ತದೆ. ಕ್ಷಾರದಲ್ಲಂತೂ ಅದು ಆಕ್ಸಿಡೀಕರಣಗೊಂಡು ಕಪ್ಪಾಗಿ ಪ್ರೋಟೀನ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವುದಕ್ಕೂ ಬಿಡುವುದಿಲ್ಲ. ಪಿವಿಪಿಪಿಯ ಸಣ್ಣ ಕಣ ಮಾದರಿಯಲ್ಲಿ ಉಳಿಯದಂತೆ ಕೊನೆಗೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ. ಹಳೆಯ ವಿಧಾನಗಳಲ್ಲಿ ಫಾರ್ಮಾಲಿನ್‌ನಲ್ಲಿ ನೆನೆಸಿ ಫೀನಾಲ್‌ಗಳನ್ನು ಕಳೆಯೊಳಗೇ ಗಟ್ಟಿ ಮಾಡುವ ಪದ್ಧತಿ ಕಾಣುತ್ತೀರಿ. ಆಲ್ಜಿನೇಟ್ (ಕಂದು ಕಳೆಯ ಜೆಲ್ ಕಟ್ಟುವ ಪಾಲಿಸ್ಯಾಕರೈಡ್) ತಯಾರಿಕೆಯಿಂದ ಬಂದ ಕ್ರಮ ಅದು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಆದ್ದರಿಂದ ಆಹಾರ ಅಥವಾ ಔಷಧಿಯ ಹೆಸರು ಹೇಳುವ ಕೆಲಸಕ್ಕೆ ಅದನ್ನು ತರಬೇಡಿ.

ಇನ್ನು ಹಾಲಿನಂಥ ಮಸುಕು. ನಿಮ್ಮ ಮಾದರಿ ನೀರಿನಲ್ಲಿದೆ, ಡಿಪಿಪಿಎಚ್ ಮೆಥನಾಲ್‌ನಲ್ಲಿದೆ. ಯಾವ ಪಾಲಿಸ್ಯಾಕರೈಡ್ ಅನ್ನು ಆಲ್ಕೋಹಾಲ್ ಹಾಕಿ ಕೆಳಗಿಳಿಸಿದಿರೋ ಅದನ್ನೇ ಮತ್ತೆ ಆಲ್ಕೋಹಾಲ್‌ಗೆ ಹಾಕಿದ್ದೀರಿ. ಅದು ಇಳಿಯದೆ ಇನ್ನೇನಾದೀತು? ಮಸುಕು ತೇಲುತ್ತಿದ್ದರೆ 517ರಲ್ಲಿ ಬೆಳಕು ಚದುರಿ ಅಬ್ಸಾರ್ಬೆನ್ಸ್ ಹೆಚ್ಚುತ್ತದೆ, ಶಕ್ತಿ ಕಡಿಮೆ ಕಾಣುತ್ತದೆ. ಕೆಲವೊಮ್ಮೆ ಮೈನಸ್ಸಿಗೂ ಹೋಗುತ್ತದೆ. ಅದೇ ಕಣ ನೇರಳೆ ಬಣ್ಣವನ್ನು ಹಿಡಿದುಕೊಂಡು ತಳಕ್ಕೆ ಕೂತರೆ ಮೇಲಿನ ದ್ರವ ತಿಳಿಯಾಗಿ ಶಕ್ತಿ ಹೆಚ್ಚು ಕಾಣುತ್ತದೆ. ಟ್ಯೂಬನ್ನು ಎಷ್ಟು ಹೊತ್ತು ಅಲುಗಿಸದೆ ಇಟ್ಟಿರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮೂರು ಟ್ಯೂಬು ಮೂರು ಮಾತಾಡುವುದು ಇದಕ್ಕೇ.

ಡಿಪಿಪಿಎಚ್ ಬಿಡಲಾಗದಿದ್ದರೆ ಪ್ರತಿ ಸಾಂದ್ರತೆಗೂ ಒಂದು ಸ್ಯಾಂಪಲ್ ಬ್ಲ್ಯಾಂಕ್ (ಮಾದರಿ ಮತ್ತು ಬರೀ ಮೆಥನಾಲ್) ಇಡಿ. ಕಂಟ್ರೋಲ್‌ನಲ್ಲೂ ಅಷ್ಟೇ ನೀರು ಇರಲಿ. ಒಟ್ಟು ನೀರು ಅರ್ಧ ದಾಟಬಾರದು, ಇಲ್ಲವಾದರೆ ಡಿಪಿಪಿಎಚ್ ತಾನೇ ಕರಗದೆ ಹೊರಬೀಳುತ್ತದೆ. ದ್ರಾವಣ 0.1 ಮಿಲಿಮೋಲಾರ್, ಅಂದರೆ 100 ಮಿ.ಲೀ. ಮೆಥನಾಲ್‌ಗೆ 3.94 ಮಿ.ಗ್ರಾಂ. ಕತ್ತಲಲ್ಲಿ 30 ನಿಮಿಷ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಓದಿ.

ಆದರೆ ಪಾಲಿಸ್ಯಾಕರೈಡ್‌ಗೆ ಎಬಿಟಿಎಸ್ (ಇದೂ ಬಣ್ಣದ ರ‍್ಯಾಡಿಕಲ್‌ನದೇ) ಹೆಚ್ಚು ನ್ಯಾಯದ ಪರೀಕ್ಷೆ, ಅದು ಪೂರ್ತಿ ನೀರಿನಲ್ಲೇ ನಡೆಯುತ್ತದೆ. 10 ಮಿ.ಲೀ. ನೀರಿಗೆ ಎಬಿಟಿಎಸ್ ಡೈಅಮೋನಿಯಂ ಲವಣ 38.4 ಮಿ.ಗ್ರಾಂ ಮತ್ತು ಪೊಟ್ಯಾಸಿಯಂ ಪರ್‌ಸಲ್ಫೇಟ್ 6.6 ಮಿ.ಗ್ರಾಂ. ಕೊನೆಯ ಸಾಂದ್ರತೆ 7 ಮತ್ತು 2.45 ಮಿಲಿಮೋಲಾರ್ ಆಗುತ್ತದೆ. 12ರಿಂದ 16 ಗಂಟೆ ಕತ್ತಲಲ್ಲಿ ಬಿಟ್ಟರೆ ಕಡು ನೀಲಿ ಹಸಿರು ಬಣ್ಣ ತಿರುಗುತ್ತದೆ. ಪಿಎಚ್ 7.4ರ ಫಾಸ್ಫೇಟ್ ಬಫರಿನಲ್ಲಿ ತೆಳು ಮಾಡಿ 734 ನ್ಯಾನೊಮೀಟರಿನಲ್ಲಿ 0.70ಕ್ಕೆ ತನ್ನಿ, 0.02 ಆಚೀಚೆ ಪರವಾಗಿಲ್ಲ. 1.9 ಮಿ.ಲೀ.ಗೆ ಮಾದರಿ 0.1 ಮಿ.ಲೀ. ಸಾಮಾನ್ಯವಾಗಿ 6 ನಿಮಿಷಕ್ಕೆ ಓದುತ್ತಾರೆ, ಆದರೆ ದೊಡ್ಡ ಅಣುಗಳು ನಿಧಾನ. ಆದ್ದರಿಂದ 6, 15, 30 ನಿಮಿಷ ಮೂರೂ ಓದಿ, ಕಂಟ್ರೋಲ್ ಅನ್ನೂ ಅದೇ ಹೊತ್ತಿಗೆ ಓದಿ. ಸ್ಟ್ಯಾಂಡರ್ಡ್ ಟ್ರೋಲಾಕ್ಸ್ (ನೀರಿನಲ್ಲಿ ಕರಗುವ ವಿಟಮಿನ್ ಇ ರೂಪ) ಇರಲಿ. ಬಿಎಚ್‌ಟಿ ಎಂಬ ಕೃತಕ ಆ್ಯಂಟಿಆಕ್ಸಿಡೆಂಟ್ ನೀರಿನಲ್ಲಿ ಕರಗುವುದಿಲ್ಲ, ಇಲ್ಲಿ ಉಪಯೋಗವಿಲ್ಲ.

ಎಫ್‌ಆರ್‌ಎಪಿಯ ಜೆಲ್ಲಿ ನಿಮಗೆ ಒಂದು ಸತ್ಯ ಹೇಳುತ್ತಿದೆ: ಮಾದರಿಯಲ್ಲಿ ಆಲ್ಜಿನೇಟ್ ಧಾರಾಳವಾಗಿ ಇದೆ. ಆ ದ್ರಾವಣದಲ್ಲಿ ಫೆರಿಕ್ ಕಬ್ಬಿಣ ಇದೆ, ಪಿಎಚ್ 3.6. ಆಲ್ಜಿನಿಕ್ ಆಮ್ಲ ತನ್ನ ಪ್ರೋಟಾನ್ ಬಿಡುವ ಗಡಿಯೂ ಅಲ್ಲೇ ಎಲ್ಲೋ, 3.4ರಿಂದ 3.7. ಅರ್ಧ ಆಮ್ಲವಾಗಿ ಇಳಿಯುತ್ತದೆ, ಇನ್ನರ್ಧವನ್ನು ಕಬ್ಬಿಣ ಹೊಲಿದು ಜೆಲ್ ಮಾಡುತ್ತದೆ. ಆ ರೀಡಿಂಗುಗಳನ್ನು ಬಿಟ್ಟುಬಿಡಿ.

---

ಬೆಂಚು_ಕೆಲಸ ಉತ್ತರಿಸಿದ್ದು:

ಮೇಲಿನವರು ಅಳತೆಯ ಬಗ್ಗೆ ಹೇಳಿದ್ದಾರೆ, ತೆಗೆಯುವ ಕ್ರಮ ನಾನು ಬರೆಯುತ್ತೇನೆ. 20 ಗ್ರಾಂಗೆ 5 ಗ್ರಾಂ ಫ್ಯೂಕೋಯ್ಡಾನ್ ಸರ್ಗಾಸಮ್‌ನಲ್ಲಿ ಸಿಗುವುದಿಲ್ಲ. ಸಾಮಾನ್ಯವಾಗಿ 0.4ರಿಂದ 1.2 ಗ್ರಾಂ. ಉಳಿದದ್ದು ಆಲ್ಜಿನೇಟ್, ಕಡಲ ಉಪ್ಪು, ಪ್ರೋಟೀನ್.

ಮೊದಲು ಪುಡಿ. ಹಿಟ್ಟಿನಂತೆ ನುಣ್ಣಗೆ ಬೇಡ, ರವೆಯ ಹಾಗೆ ಅರ್ಧದಿಂದ ಒಂದು ಮಿ.ಮೀ. ಇದ್ದರೆ ಸಾಕು. ನುಣ್ಣಗಾದರೆ ಬಿಸಿನೀರಿನಲ್ಲಿ ಅಂಬಲಿಯಾಗಿ ಬಟ್ಟೆ ಕಟ್ಟಿಕೊಳ್ಳುತ್ತದೆ. 20 ಗ್ರಾಂ ಪುಡಿಗೆ 85 ಶೇಕಡಾ ಎಥನಾಲ್ 200 ಮಿ.ಲೀ. ಹಾಕಿ ರಾತ್ರಿಯಿಡೀ ತಿರುಗಿಸಿ, ಮರುದಿನ ಹೊಸ 200 ಮಿ.ಲೀ. ಹಾಕಿ 70 ಡಿಗ್ರಿಯಲ್ಲಿ ರಿಫ್ಲಕ್ಸ್ ಇಟ್ಟು 3 ಗಂಟೆ. ಆಲ್ಕೋಹಾಲ್ ಹಸಿರು ಕಂದಾಗಿ ಬರುವುದು ನಿಲ್ಲುವ ತನಕ ಮಾಡಿ. ಮೂರನೆಯ ಸುತ್ತು ಬೇಕಾಗಬಹುದು. ಬಣ್ಣ, ಕೊಬ್ಬು, ಫೀನಾಲ್‌ನ ದೊಡ್ಡ ಭಾಗ, ಮ್ಯಾನಿಟಾಲ್‌ (ಕಳೆಯ ಸಕ್ಕರೆ ಆಲ್ಕೋಹಾಲ್) ಒಂದಷ್ಟು ಇಲ್ಲೇ ಹೋಗುತ್ತದೆ. ಅಸಿಟೋನ್‌ನಲ್ಲಿ ಒಂದು ಸಲ ತೊಳೆದು ಫ್ಯೂಮ್ ಹುಡ್‌ನಲ್ಲಿ ಆರಿಸಿ. ಈ ಹೆಜ್ಜೆಯನ್ನು ನೀವು ಬಿಟ್ಟದ್ದೇ ಮೂಲ ತೊಂದರೆ.

ನೀರಿನ ಬದಲು 2 ಶೇಕಡಾ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕುದಿಸದೆ ಬಿಸಿ ಮಾಡಿ. 400 ಮಿ.ಲೀ.ಗೆ ನಿರ್ಜಲ ಲವಣವಾದರೆ 8 ಗ್ರಾಂ, ಡೈಹೈಡ್ರೇಟ್ ಆದರೆ 10.6 ಗ್ರಾಂ, ಬಾಟಲಿಯ ಮೇಲೆ ನೋಡಿಕೊಳ್ಳಿ. 70 ಡಿಗ್ರಿ, 3 ಗಂಟೆ, ಎರಡು ಸಲ. ಕ್ಯಾಲ್ಸಿಯಂ ಇರುವುದರಿಂದ ಆಲ್ಜಿನೇಟ್ ಕಳೆಯ ಒಳಗೇ ಗಟ್ಟಿಯಾಗಿ ಉಳಿಯುತ್ತದೆ, ಫ್ಯೂಕೋಯ್ಡಾನ್ ಮತ್ತು ಲ್ಯಾಮಿನಾರಿನ್ ಹೊರಬರುತ್ತವೆ. ಕೆಲವರು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ, ಇಳುವರಿ ಹೆಚ್ಚು ಬರುತ್ತದೆ. ಆದರೆ ಬಿಸಿ ಮತ್ತು ಹೊತ್ತು ಮೀರಿದರೆ ಫ್ಯೂಕೋಸ್ ಕೊಂಡಿಗಳು ಕಡಿದು ಸಲ್ಫೇಟ್ ಉದುರುತ್ತದೆ. ಸಲ್ಫೇಟಿನ ಪಾತ್ರವನ್ನೇ ಪರೀಕ್ಷಿಸಲು ಹೊರಟವರಿಗೆ ಆಮ್ಲದ ದಾರಿ ಸಲ್ಲ. 90 ಡಿಗ್ರಿಯೂ ಬೇಡ, ಬಣ್ಣ ಮತ್ತು ಪ್ರೋಟೀನ್ ಹೆಚ್ಚು ಇಳಿಯುತ್ತದೆ.

ಸೋಸಿದ್ದನ್ನು 8,000 ಜಿಯಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ರೋಟರಿ ಇವ್ಯಾಪೊರೇಟರ್‌ನಲ್ಲಿ 50 ಡಿಗ್ರಿ ಒಳಗೆ ಮೂರನೇ ಒಂದು ಭಾಗಕ್ಕೆ ಇಳಿಸಿ. ಈಗ ಎಥನಾಲ್ ಎರಡು ಹಂತದಲ್ಲಿ. "ಎರಡು ಪಟ್ಟು ಸುರಿದೆ" ಎನ್ನುವ ಲೆಕ್ಕ ಬೇಡ, ಕೊನೆಯ ಶೇಕಡಾ ಮುಖ್ಯ. 100 ಮಿ.ಲೀ. ದ್ರಾವಣಕ್ಕೆ 95 ಶೇಕಡಾ ಎಥನಾಲ್ 46 ಮಿ.ಲೀ. ಹಾಕಿದರೆ 30 ಶೇಕಡಾ ಆಗುತ್ತದೆ. 4 ಡಿಗ್ರಿಯಲ್ಲಿ 4 ಗಂಟೆ ಇಟ್ಟು ಸೆಂಟ್ರಿಫ್ಯೂಜ್ ಮಾಡಿ, ತಳದ ಲೋಳೆ (ಉಳಿದ ಆಲ್ಜಿನೇಟ್) ಬಿಸಾಕಿ. ಮೇಲಿನ ದ್ರವಕ್ಕೆ ಇನ್ನೂ 234 ಮಿ.ಲೀ. ಹಾಕಿದರೆ 70 ಶೇಕಡಾ. ಬಾಟಲಿ ಅಬ್ಸಲ್ಯೂಟ್ ಆಲ್ಕೋಹಾಲ್ ಆಗಿದ್ದರೆ ಈ ಎರಡು ಅಂಕಿ 43 ಮತ್ತು 191. ಒಂದೇ ಸಲ ಸುರಿದರೆ ಹೊರಗೆ ಗಟ್ಟಿ, ಒಳಗೆ ಉಪ್ಪುನೀರು ತುಂಬಿದ ಉಂಡೆ ಕಟ್ಟುತ್ತದೆ. ತಣ್ಣಗಿನ ಆಲ್ಕೋಹಾಲನ್ನು ದಾರದಂತೆ ಸಣ್ಣಗೆ ಬಿಡುತ್ತಾ ತಿರುಗಿಸುತ್ತಿರಿ. ಹತ್ತಿಯ ಎಳೆಯಂತೆ ಬಿಳಿಯಾಗಿ ಮೇಲೆದ್ದು ನಿಧಾನಕ್ಕೆ ಕೆಳಗಿಳಿದರೆ ಸರಿಯಾಗಿ ಬಂತು ಎಂದುಕೊಳ್ಳಿ. ರಾತ್ರಿಯಿಡೀ 4 ಡಿಗ್ರಿ. ಕ್ಯಾಲ್ಸಿಯಂ ಕ್ಲೋರೈಡ್ ಆಲ್ಕೋಹಾಲ್‌ನಲ್ಲಿ ಕರಗುವುದರಿಂದ ಅದರ ಬಹುಪಾಲು ಮೇಲಿನ ದ್ರವದ ಜೊತೆ ಹೋಗುತ್ತದೆ.

ಆದರೂ ಫ್ಯೂಕೋಯ್ಡಾನ್‌ನ ಸಲ್ಫೇಟ್‌ಗಳಿಗೆ ಕ್ಯಾಲ್ಸಿಯಂ ಅಂಟಿಕೊಂಡೇ ಇರುತ್ತದೆ. ಇದನ್ನು ತೆಗೆಯದೆ ಫಾಸ್ಫೇಟ್ ಬಫರಿಗೆ ಹಾಕಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಇಳಿದು ಎಬಿಟಿಎಸ್ ಟ್ಯೂಬಿನಲ್ಲೂ ಮಸುಕು ಬರುತ್ತದೆ, ಆಗ ಮತ್ತೆ ದಿಕ್ಕು ತಪ್ಪುತ್ತದೆ. ಹಾಗಾಗಿ ಡಯಾಲಿಸಿಸ್‌ನ ಮೊದಲ ದಿನ ಹೊರಗಿನ ನೀರು 0.5 ಮೋಲಾರ್ ಅಡುಗೆ ಉಪ್ಪಿನ ದ್ರಾವಣ (ಲೀಟರಿಗೆ 29.2 ಗ್ರಾಂ, ಎಆರ್ ದರ್ಜೆಯ ಸೋಡಿಯಂ ಕ್ಲೋರೈಡ್) ಆಗಿರಲಿ. ಆಮೇಲೆ ಎರಡು ದಿನ ಡಿಸ್ಟಿಲ್ಡ್ ನೀರು, ದಿನಕ್ಕೆ ಮೂರು ಸಲ ಬದಲಿಸಿ, ಎಲ್ಲ 4 ಡಿಗ್ರಿಯಲ್ಲಿ. ಹೊರಗಿಟ್ಟರೆ ಎರಡನೇ ದಿನಕ್ಕೆ ಬೂಷ್ಟು. ಚೀಲವನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿ, ನೀರು ಎಳೆದುಕೊಂಡು ಉಬ್ಬಿ ಗಂಟು ಬಿಚ್ಚಿಕೊಳ್ಳುತ್ತದೆ. ಮುಗಿಯಿತೋ ಇಲ್ಲವೋ ನೋಡಲು ಹೊರಗಿನ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಬಿಳಿ ಮೋಡ ಕಾಣಬಾರದು.

ಲ್ಯಾಮಿನಾರಿನ್ ಬಗ್ಗೆ ಎಚ್ಚರ. ಅದರ ತೂಕ ಸುಮಾರು 5,000 ಡಾಲ್ಟನ್. ಎಲ್ಲರೂ ಬಳಸುವ 12,000ದ ಚೀಲದಲ್ಲಿ ಅದು ಸೋರಿಹೋಗುತ್ತದೆ. ಲ್ಯಾಮಿನಾರಿನ್ ಬೇಕಾದರೆ 70 ಶೇಕಡಾದ ಮೇಲಿನ ದ್ರವವನ್ನು ಎಸೆಯದೆ, ಆಲ್ಕೋಹಾಲ್ ಹಾರಿಸಿ, 3,500 ಅಥವಾ ಅದಕ್ಕಿಂತ ಸಣ್ಣ ರಂಧ್ರದ ಚೀಲದಲ್ಲಿ ಹಾಕಿ.

ಓವನ್ ಬಿಡಿ, ಲಯೋಫಿಲೈಜರ್‌ನಲ್ಲಿ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ಯಂತ್ರ) ಒಣಗಿಸಿ. 60 ಡಿಗ್ರಿಯಲ್ಲಿ ಒಣಗಿದ ಪಾಲಿಸ್ಯಾಕರೈಡ್ ಗಾಜಿನ ಹಾಳೆಯಂತಾಗಿ ಮತ್ತೆ ಪೂರ್ತಿ ಕರಗುವುದಿಲ್ಲ. ನೀವು "ಮಿ.ಲೀ.ಗೆ 1 ಮಿ.ಗ್ರಾಂ" ಎಂದು ಬರೆದದ್ದು ನಿಜದಲ್ಲಿ ಅಷ್ಟು ಇರುವುದಿಲ್ಲ.

38 ಶೇಕಡಾ ಸಕ್ಕರೆಯ ಬಗ್ಗೆ: ಗ್ಲೂಕೋಸ್ ಸ್ಟ್ಯಾಂಡರ್ಡ್ ಹಾಕಿ 490ರಲ್ಲಿ ಓದಿದ್ದೀರೇನೋ. ಫ್ಯೂಕೋಸ್‌ನಂಥ ಸಕ್ಕರೆಗಳು 480ರಲ್ಲಿ ಹೆಚ್ಚು ಬಣ್ಣ ಕೊಡುತ್ತವೆ, ಯೂರೋನಿಕ್ ಆಮ್ಲಗಳ (ಆಲ್ಜಿನೇಟ್ ಆದದ್ದೇ ಇವುಗಳಿಂದ) ಬಣ್ಣ ಮಂದ. ಫ್ಯೂಕೋಸ್ ಸ್ಟ್ಯಾಂಡರ್ಡ್ ಇಟ್ಟು 480ರಲ್ಲಿ ಓದಿ. ಹಾಗೆ ಮಾಡಿದರೂ 100 ಬರುವುದಿಲ್ಲ, ಬರಬಾರದು ಕೂಡ. ಸಲ್ಫೇಟ್, ಅದರ ಜೊತೆಯ ಸೋಡಿಯಂ, ತೇವ ಎಲ್ಲಕ್ಕೂ ತೂಕ ಇದೆ.

---

ಬಂಡೆಯಂಚು ಉತ್ತರಿಸಿದ್ದು:

ಕಳೆಯ ಬಗ್ಗೆ ಎರಡು ಮಾತು. ಲ್ಯಾಮಿನೇರಿಯಾ ಗುಂಪಿನ ದೊಡ್ಡ ಕೆಲ್ಪ್‌ಗಳು ತಣ್ಣೀರಿನವು, ಭಾರತದ ಕಡಲಲ್ಲಿ ಬೆಳೆಯುವುದಿಲ್ಲ. ನಮ್ಮಲ್ಲಿ ಸಿಗುವುದು ಸರ್ಗಾಸಮ್, ಪಡೈನಾ, ಡಿಕ್ಟಿಯೋಟಾ, ಸ್ಟೋಕೋಸ್ಪರ್ಮಮ್ ಇಂಥವು. ಮನ್ನಾರ್ ಕೊಲ್ಲಿಯ ಮಂಡಪಂ ಕಡೆ ಟರ್ಬಿನೇರಿಯಾ ಹೇರಳ, ಅಲ್ಲಿ ಸರ್ಗಾಸಮ್ ಜೊತೆ ಅದನ್ನೂ ಆಲ್ಜಿನೇಟ್‌ಗಾಗಿ ಕೊಯ್ಯುತ್ತಾರೆ. ಸರ್ಗಾಸಮ್‌ನಲ್ಲಿ ಲ್ಯಾಮಿನಾರಿನ್ ತೀರಾ ಕಡಿಮೆ. ಗೈಡ್ ಅವರಿಗೆ ಇದನ್ನು ಮೊದಲೇ ತಿಳಿಸಿ, ಇಲ್ಲದ್ದನ್ನು ಬೇರ್ಪಡಿಸಲು ತಿಂಗಳು ಕಳೆಯಬೇಡಿ. ಗ್ಲೂಕೋಸ್ ಬಂತೆಂದ ಮಾತ್ರಕ್ಕೆ ಲ್ಯಾಮಿನಾರಿನ್ ಎನ್ನಲಾಗದು. ಬೀಟಾ-1,3 ಕೊಂಡಿ ಇದೆಯೆಂದು ಲ್ಯಾಮಿನರಿನೇಸ್ ಕಿಣ್ವದಿಂದಾದರೂ ತೋರಿಸಬೇಕು.

ಬಂಡೆಗೆ ಕಚ್ಚಿಕೊಂಡಿರುವುದನ್ನೇ ಕೊಯ್ಯಿರಿ, ದಡಕ್ಕೆ ಬಿದ್ದದ್ದು ಬೇಡ. ಬುಡದ ಹಿಡಿಕೆಯನ್ನು ಬಂಡೆಯಲ್ಲೇ ಬಿಟ್ಟರೆ ಮತ್ತೆ ಚಿಗುರುತ್ತದೆ. ಎಲೆಗಳ ಮೇಲೆ ಬಿಳಿ ಸುಣ್ಣದ ಚುಕ್ಕೆ, ಕೂದಲಿನಂಥ ಸಣ್ಣ ಕೆಂಪು ಕಳೆ, ಶಂಖದ ಮರಿ ಇರುತ್ತವೆ. ಕೆಂಪು ಕಳೆಗಳ ಗ್ಯಾಲಕ್ಟಾನ್ ಕೂಡ ಸಲ್ಫೇಟ್ ಇರುವ ಪಾಲಿಸ್ಯಾಕರೈಡ್, ಅದು ಸೇರಿದರೆ ನಿಮ್ಮ ಲೆಕ್ಕವೇ ಕೆಡುತ್ತದೆ. ಕಡಲನೀರಲ್ಲೇ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಸಿಹಿನೀರಲ್ಲಿ ಎರಡೇ ಮುಳುಗು. ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆಸುವವರಿದ್ದಾರೆ. ಜೀವಕೋಶ ಒಡೆದು ಮ್ಯಾನಿಟಾಲ್, ಲ್ಯಾಮಿನಾರಿನ್ ಎಲ್ಲ ನೀರಿಗೆ ಹೋಗುತ್ತದೆ. ಪಡೈನಾ ತೆಗೆದುಕೊಂಡರೆ ಅದರ ಬೀಸಣಿಗೆಯ ಮೇಲಿನ ಬಿಳಿ ಪಟ್ಟೆ ಸುಣ್ಣದ ಪದರ. ಆಮ್ಲ ತಾಗಿದರೆ ನೊರೆ ಉಕ್ಕುತ್ತದೆ, ಪಿಎಚ್ ಏರುತ್ತದೆ, ತೂಕದ ಲೆಕ್ಕದಲ್ಲಿ ಸುಣ್ಣವೂ ಸೇರುತ್ತದೆ.

ಮಾದರಿಯ ಒಂದು ಗಿಡವನ್ನು ಹಾಳೆಗೆ ಒತ್ತಿ ಹರ್ಬೇರಿಯಂ ಮಾಡಿಡಿ, ಕೊಯ್ದ ದಿನ ಮತ್ತು ಗಿಡ ಸಂತಾನಾಂಗ ಬಿಟ್ಟಿತ್ತೇ ಎಂದು ಬರೆಯಿರಿ. ಫ್ಯೂಕೋಯ್ಡಾನ್ ಪ್ರಮಾಣ, ಸಲ್ಫೇಟ್ ಎರಡೂ ಗಿಡದ ವಯಸ್ಸಿನ ಜೊತೆ ಬದಲಾಗುತ್ತವೆ. ಸರ್ಗಾಸಮ್ ಜಾತಿ ಗುರುತಿಸುವುದು ಕಷ್ಟ, ಬುಡ, ಎಲೆ, ಗಾಳಿಚೀಲ, ಸಂತಾನಾಂಗ ನಾಲ್ಕೂ ಬೇಕು.

---

ಹೊನ್ನಾವರ_ಸಂಘ ಕೇಳಿದ್ದು:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಮಹಿಳಾ ಸಂಘದವರು ಈ ಕಳೆಯನ್ನೇ ಒಣಗಿಸಿ ಪುಡಿ ಮಾಡಿ, ಆ್ಯಂಟಿಆಕ್ಸಿಡೆಂಟ್ ಪುಡಿ ಅಂತ ತಿನ್ನಲು ಮಾರಬಹುದಾ?

ಸಕ್ಕರೆಸರಪಳಿ:

ಬೇಡಿ ಅಕ್ಕಾ, ಪರೀಕ್ಷೆ ಇಲ್ಲದೆ ಬೇಡವೇ ಬೇಡ. ಸರ್ಗಾಸಮ್ ಕುಲದ ಕಳೆಗಳು ಕಡಲನೀರಿನ ಆರ್ಸೆನಿಕ್ ಹೀರಿಕೊಳ್ಳುತ್ತವೆ. ಜಪಾನಿನಲ್ಲಿ ತಿನ್ನುವ ಹಿಜಿಕಿ ಕೂಡ ಒಂದು ಸರ್ಗಾಸಮ್, ಅದರಲ್ಲಿ ವಿಷಕಾರಿಯಾದ ಅಕಾರ್ಬನಿಕ ಆರ್ಸೆನಿಕ್ ಹೆಚ್ಚಿರುವುದರಿಂದ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಅದನ್ನು ತಿನ್ನಬೇಡಿ ಎಂದು ಜನರಿಗೆ ಸಲಹೆ ಕೊಟ್ಟಿತ್ತು. ಅಯೋಡಿನ್ ಕೂಡ ಹೆಚ್ಚು, ಥೈರಾಯ್ಡ್ ಇರುವವರಿಗೆ ತೊಂದರೆ. ಒಟ್ಟು ಆರ್ಸೆನಿಕ್ ಮಾತ್ರ ನೋಡಿದರೆ ಸಾಲದು, ಅಕಾರ್ಬನಿಕ ಭಾಗವನ್ನು ಬೇರೆಯಾಗಿ ಅಳೆಯುವ ಪ್ರಯೋಗಾಲಯಕ್ಕೆ ಕೊಡಬೇಕು, ಕ್ಯಾಡ್ಮಿಯಂ, ಸೀಸ ಕೂಡ. ಟ್ಯೂಬಿನಲ್ಲಿ ಬಣ್ಣ ಇಳಿಸಿದ್ದು ಹೊಟ್ಟೆಗೆ ಹೋದ ಮೇಲೂ ಹಾಗೆಯೇ ಕೆಲಸ ಮಾಡುತ್ತದೆಂದು ಹೇಳಲು ಬರುವುದಿಲ್ಲ. ಫ್ಯೂಕೋಯ್ಡಾನ್ ದೊಡ್ಡ ಅಣು, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಸಂಘಕ್ಕೆ ಆದಾಯ ಬೇಕಾದರೆ ಗಿಡಗಳಿಗೆ ಹಾಕುವ ಕಡಲಕಳೆಯ ದ್ರವ ಗೊಬ್ಬರದ ಕಡೆ ನೋಡಿ, ಅದು ಹೆಚ್ಚು ನೇರವಾದ ದಾರಿ.

---

ಕಾರವಾರ_ತೀರ:

ತುಂಬಾ ಧನ್ಯವಾದ ಸರ್, ಎಲ್ಲರಿಗೂ. ಮೂರು ತೊಡಕು ಉಳಿದಿವೆ. ನಮ್ಮಲ್ಲಿ ಲಯೋಫಿಲೈಜರ್ ಇಲ್ಲ. ಸೆಂಟ್ರಿಫ್ಯೂಜ್ 4,000 ಆರ್‌ಪಿಎಂ ಮಾತ್ರ. ಮತ್ತೆ, ಫೀನಾಲ್ ತೆಗೆದ ಮೇಲೆ ಶಕ್ತಿ ಏನೂ ಉಳಿಯದಿದ್ದರೆ ಪ್ರಾಜೆಕ್ಟಿನಲ್ಲಿ ಏನು ತೋರಿಸಲಿ?

ಬೆಂಚು_ಕೆಲಸ:

10 ಸೆಂ.ಮೀ. ರೋಟರಿನಲ್ಲಿ 4,000 ಆರ್‌ಪಿಎಂ ಎಂದರೆ ಸುಮಾರು 1,800 ಜಿ. ಎಥನಾಲ್ ಹಾಕಿ ಇಳಿಸಿದ್ದಕ್ಕೆ ಅದು ಸಾಕು, 30 ನಿಮಿಷ ತಿರುಗಿಸಿ. ಮೊದಲಿನ ಸಾರವನ್ನು ತಿಳಿ ಮಾಡಲು ಸಾಲದು. ಅದನ್ನು ಫ್ರಿಜ್‌ನಲ್ಲಿ ರಾತ್ರಿಯಿಡೀ ಅಲುಗಿಸದೆ ಇಟ್ಟು, ಮೇಲಿನದನ್ನು ಸೈಫನ್ ಮಾಡಿ, ಬುಖ್ನರ್ ಫನಲ್‌ನಲ್ಲಿ ಅರ್ಧ ಸೆಂ.ಮೀ. ಸೀಲೈಟ್ ಹಾಸಿ ಸೋಸಿ. ಲಯೋಫಿಲೈಜರ್ ಬದಲು ದ್ರಾವಕ ಬದಲಿಸಿ ಒಣಗಿಸಿ: ಡಯಾಲಿಸಿಸ್ ಆದ ದ್ರಾವಣದ ನೀರನ್ನು ಆವಿ ಮಾಡಿ ಕಡಿಮೆ ಮಾಡಿ, ಚಿಟಿಕೆ ಸೋಡಿಯಂ ಕ್ಲೋರೈಡ್ ಸೇರಿಸಿ ಮತ್ತೆ ಎಥನಾಲ್‌ನಲ್ಲಿ ಇಳಿಸಿ. ಉಪ್ಪು ಒಂದಿಷ್ಟೂ ಇಲ್ಲದಿದ್ದರೆ ಚಾರ್ಜ್ ಇರುವ ಸರಪಳಿಗಳು ಒಂದನ್ನೊಂದು ದೂಡಿಕೊಂಡು ಇಳಿಯುವುದೇ ಇಲ್ಲ, ಹಾಲಿನಂತೆ ತೇಲುತ್ತವೆ. ಮುದ್ದೆಯನ್ನು 80 ಶೇಕಡಾ ಎಥನಾಲ್, ನಂತರ ಅಬ್ಸಲ್ಯೂಟ್, ನಂತರ ಅಸಿಟೋನ್, ಒಂದೊಂದರಲ್ಲೂ ಎರಡು ಸಲ ತೊಳೆದು, ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಎರಡು ದಿನ ಇಡಿ. ಪುಡಿಪುಡಿಯಾಗಿ ಬರುತ್ತದೆ.

ಸಕ್ಕರೆಸರಪಳಿ:

ಮೂರನೆಯದಕ್ಕೆ ನಾನು ಹೇಳುತ್ತೇನೆ. ಸಲ್ಫೇಟ್ ಇರುವ ಸರಪಳಿಯ ನಿಜವಾದ ಬಲ ಲೋಹ ಹಿಡಿಯುವುದರಲ್ಲಿ. ಫೆರೋಜಿನ್ (ಫೆರಸ್ ಕಬ್ಬಿಣದ ಜೊತೆ ಬಣ್ಣ ಕೊಡುವ ವಸ್ತು) ಪರೀಕ್ಷೆ ಮಾಡಿ: ಮಾದರಿಗೆ 2 ಮಿಲಿಮೋಲಾರ್ ಫೆರಸ್ ಕ್ಲೋರೈಡ್ 0.05 ಮಿ.ಲೀ., ಆಮೇಲೆ 5 ಮಿಲಿಮೋಲಾರ್ ಫೆರೋಜಿನ್ 0.2 ಮಿ.ಲೀ., 10 ನಿಮಿಷ ಬಿಟ್ಟು 562ರಲ್ಲಿ ಓದಿ. ಹೋಲಿಕೆಗೆ ಲೋಹ ಹಿಡಿಯುವ ಇಡಿಟಿಎ. ಫೆರಸ್ ದ್ರಾವಣವನ್ನು ಆಗಿಂದಾಗ್ಗೆ ಮಾಡಬೇಕು, ಹಳದಿ ತಿರುಗಿದ್ದರೆ ಫೆರಿಕ್ ಆಗಿದೆ. ಫೆರೋಜಿನ್ ಅದನ್ನು ಹಿಡಿಯುವುದಿಲ್ಲ, ಆಗ ನಿಮ್ಮ ಮಾದರಿಯೇ ಹಿಡಿದಂತೆ ಕಾಣುತ್ತದೆ. ಇಲ್ಲೂ ಆಲ್ಜಿನೇಟ್ ಉಳಿದಿದ್ದರೆ ಅದು ಕಬ್ಬಿಣ ಹಿಡಿಯುತ್ತದೆ, ಆದ್ದರಿಂದ ಯೂರೋನಿಕ್ ಆಮ್ಲದ ಪ್ರಮಾಣವನ್ನು ಪಕ್ಕದಲ್ಲೇ ಕೊಡಿ.

ಹೈಡ್ರಾಕ್ಸಿಲ್ ರ‍್ಯಾಡಿಕಲ್ ಪರೀಕ್ಷೆಯನ್ನು ಫೆಂಟನ್ ವಿಧಾನದಲ್ಲಿ (ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ರ‍್ಯಾಡಿಕಲ್ ಹುಟ್ಟಿಸುವುದು) ಮಾಡಿದರೆ ಜಾಗ್ರತೆ. ಕಬ್ಬಿಣವನ್ನು ಕಟ್ಟಿಹಾಕಿದರೆ ರ‍್ಯಾಡಿಕಲ್ ಹುಟ್ಟುವುದೇ ಇಲ್ಲ. ಹುಟ್ಟದ್ದನ್ನು ನಾಶ ಮಾಡಿದೆವೆಂದು ಬರೆದಂತಾಗುತ್ತದೆ. ಮ್ಯಾನಿಟಾಲ್ ಕೂಡ ಹೆಸರಾಂತ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹೀರಕ, ಡಯಾಲಿಸಿಸ್ ಆಗದ ಸಾರದಲ್ಲಿ ಅದು ಇದ್ದೇ ಇರುತ್ತದೆ.

ಸಲ್ಫೇಟ್ ಅಳೆಯಲು ಬೇರಿಯಂ ಕ್ಲೋರೈಡ್-ಜೆಲಾಟಿನ್. 0.5 ಶೇಕಡಾ ಜೆಲಾಟಿನ್ ಅನ್ನು 60-70 ಡಿಗ್ರಿ ನೀರಿನಲ್ಲಿ ಕರಗಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಮರುದಿನ ಬೇರಿಯಂ ಕ್ಲೋರೈಡ್ 0.5 ಶೇಕಡಾ ಸೇರಿಸಿ ಎರಡು ಮೂರು ಗಂಟೆ ಬಿಡಿ. ಮಾದರಿಯನ್ನು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಚ್ಚಿದ ಟ್ಯೂಬಿನಲ್ಲಿ 105ರಿಂದ 110 ಡಿಗ್ರಿಗೆ 5 ಗಂಟೆ ಇಟ್ಟು, ಅದರಿಂದ 0.2 ಮಿ.ಲೀ., 3 ಶೇಕಡಾ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) 3.8 ಮಿ.ಲೀ., ಜೆಲಾಟಿನ್ ದ್ರಾವಣ 1 ಮಿ.ಲೀ., 15 ನಿಮಿಷ, 360 ನ್ಯಾನೊಮೀಟರ್. ಆಮ್ಲದಲ್ಲಿ ಬೆಂದ ಸಕ್ಕರೆ ತಾನೇ 360ರಲ್ಲಿ ಹೀರುತ್ತದೆ, ಅದಕ್ಕಾಗಿ ಬೇರಿಯಂ ಇಲ್ಲದ ಬರೀ ಜೆಲಾಟಿನ್‌ನ ಜೋಡಿ ಟ್ಯೂಬ್ ಪ್ರತಿ ಮಾದರಿಗೂ ಬೇಕು, ಅದನ್ನು ಕಳೆಯಿರಿ. ಸ್ಟ್ಯಾಂಡರ್ಡ್‌ಗೆ 100 ಮಿ.ಲೀ.ಗೆ ಪೊಟ್ಯಾಸಿಯಂ ಸಲ್ಫೇಟ್ 181.4 ಮಿ.ಗ್ರಾಂ ಹಾಕಿದರೆ ಮಿ.ಲೀ.ಗೆ 1 ಮಿ.ಗ್ರಾಂ ಸಲ್ಫೇಟ್. ಕಡಲನೀರಿನ ಮೆಗ್ನೀಸಿಯಂ ಸಲ್ಫೇಟ್ ಉಳಿದಿದ್ದರೂ ಇದರಲ್ಲಿ ಸೇರಿಕೊಳ್ಳುತ್ತದೆ, ಡಯಾಲಿಸಿಸ್ ಪೂರ್ತಿಯಾಗಿರಲಿ. ಎಫ್‌ಟಿಐಆರ್ (ಇನ್‌ಫ್ರಾರೆಡ್ ರೋಹಿತ) ಸಿಕ್ಕರೆ ಸೆಂ.ಮೀ.⁻¹ ಲೆಕ್ಕದಲ್ಲಿ 1220ರಿಂದ 1260ರ ನಡುವೆ ಸಲ್ಫೇಟ್‌ನ ಪಟ್ಟಿ, 820-850ರಲ್ಲಿ ಅದರ ಜೊತೆಗಾರ, 1600ರ ಸುತ್ತ ಕಾರ್ಬಾಕ್ಸಿಲೇಟ್. ಕೊನೆಯದು ದೊಡ್ಡದಾಗಿ ನಿಂತಿದ್ದರೆ ಇನ್ನೂ ಆಲ್ಜಿನೇಟ್ ಇದೆ.

ಹೀಗಾಗಿ ಒಂದೇ ಕೋಷ್ಟಕದಲ್ಲಿ ಕಚ್ಚಾ ಸಾರ, ಎಥನಾಲ್ ತೊಳೆದದ್ದು, ಪಿವಿಪಿಪಿ ಆದದ್ದು, ಎಥನಾಲ್‌ಗೆ ಹೋದ ಫೀನಾಲ್ ಭಾಗ, ಈ ನಾಲ್ಕನ್ನೂ ಇಡಿ. ಪ್ರತಿಯೊಂದರ ಎದುರು ಫ್ಯೂಕೋಸ್, ಸಲ್ಫೇಟ್, ಯೂರೋನಿಕ್, ಫೀನಾಲ್, ಪ್ರೋಟೀನ್, ಆಮೇಲೆ ಎಬಿಟಿಎಸ್ ಮತ್ತು ಫೆರೋಜಿನ್. ಫೀನಾಲ್ ಇಳಿದಂತೆ ಎಬಿಟಿಎಸ್ ಎಷ್ಟು ಇಳಿಯಿತು, ಫೆರೋಜಿನ್ ಎಷ್ಟು ಉಳಿಯಿತು ಎಂದು ತೋರಿಸಿದರೆ ಅದೇ ಒಳ್ಳೆಯ ಪ್ರಾಜೆಕ್ಟು. ನಿಮ್ಮ 72 ಮತ್ತು 20 ಎರಡೂ ಅದರಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ, ಆದರೆ ಮಸುಕು ಸರಿಪಡಿಸಿ ಎರಡನ್ನೂ ಮತ್ತೆ ಓದಿದ ಮೇಲೆ.

ಕಾರವಾರ_ತೀರ:

ಆಯಿತು ಸರ್. ಉಳಿದ ಪುಡಿ 140 ಗ್ರಾಂ ಇದೆ. ನಾಳೆ 85 ಶೇಕಡಾ ಎಥನಾಲ್‌ನಿಂದ ಶುರು ಮಾಡುತ್ತೇನೆ, ಆ ದ್ರವವನ್ನು ಕಂದು ಬಾಟಲಿಯಲ್ಲಿ ಫ್ರಿಜ್‌ನಲ್ಲಿ ಇಡುತ್ತೇನೆ.